ಮಣ್ಣಿನ ದಕ್ಕೆಗೆ ಎಳೆದ ಕೇಬಲ್

ನೇತ್ರಾವತಿ ಬದಿಯ ಹಂಚಿನ ಕಾರ್ಖಾನೆಯಲ್ಲಿ ಸರ್ವೋತ್ತಮ ರೈ ಎಲೆಕ್ಟ್ರಿಕಲ್ ಸೂಪರ್‌ವೈಸರ್. ೧೯೮೫ರ ಮಳೆಗಾಲ ಮುಗಿಯುವಾಗ ಅಲ್ಲೊಂದು ಅನಾಹುತ ಆಯಿತು. ದೋಣಿ ನಿಲ್ಲುವ ದಕ್ಕೆಯಲ್ಲಿ, ಬಂದಿಳಿದ ಆವೆಮಣ್ಣನ್ನು ಒಳಗೆ ಸಾಗಿಸುವ ಬೆಲ್ಟಿಗೆ ಸುರಿಯುತ್ತಿದ್ದ ಗುಲಾಬಿಯ ಕೈ ರೋಲರಿಗೆ ಸಿಕ್ಕಿತು. ಬೆಲ್ಟಿನ ಸ್ವಿಚ್ ಇದ್ದದ್ದು ಹಂಚು ಒಣಗಿಸುವ ಶೆಡ್ಡುಗಳ ಆಚೆ, ಮೆಷಿನ್ ಕೋಣೆಯಲ್ಲಿ. ಅವಳ ಕೂಗು ಅಲ್ಲಿಗೆ ಕೇಳಲೇ ಇಲ್ಲ. ಎರಡು ಬೆರಳು ಹೋದವು. ಅತ್ತಾವರದ ಆಸ್ಪತ್ರೆಗೆ ರಿಕ್ಷಾದಲ್ಲಿ ಕರೆದುಕೊಂಡು ಹೋದದ್ದು ರೈಗಳೇ.

ಕಾರ್ಖಾನೆಯ ಧನಿಗಳು ಬೊಂಬಾಯಿಯಿಂದ ಒಂದು ಕ್ಯಾಮೆರಾ, ಒಂದು ಸಣ್ಣ ಟಿವಿ ತರಿಸಿದರು. ದಕ್ಕೆಯಲ್ಲಿ ಕ್ಯಾಮೆರಾ, ಸ್ವಿಚ್ಚಿನ ಪಕ್ಕ ಟಿವಿ; ಯಾರಿಗಾದರೂ ಅಪಾಯವಾದರೆ ಮೆಷಿನ್ ಕೋಣೆಯವರು ಕಂಡು ಬೆಲ್ಟು ನಿಲ್ಲಿಸಲಿ ಎಂದು. ಇವೆರಡರ ನಡುವೆ ಎಳೆಯುವ ಕೇಬಲಿನ ನೆನಪು ಮಾತ್ರ ಯಾರಿಗೂ ಆಗಿರಲಿಲ್ಲ.

ಮ್ಯಾನೇಜರ್ ರುಡೊಲ್ಫ್ ಪಿಂಟೊ ಏಂಟೆನಾಕ್ಕೆ ಹಾಕುವ ಚಪ್ಪಟೆ ವೈರು ತರಿಸಿದರು. ಬೆಲ್ಟಿನ ಮೋಟಾರು ತಿರುಗಿದ ಕೂಡಲೇ ಟಿವಿಯ ತುಂಬ ಬರೀ ಗೆರೆ.

"ಸಾರ್, ತಾಮ್ರದ ಜಾಲರಿ ಸುತ್ತಿದ ಕೇಬಲ್ ಬೇಕು. ಇಲ್ಲದಿದ್ರೆ ಮೋಟಾರಿನ ಕರೆಂಟು ಚಿತ್ರವನ್ನು ಕೆಡಿಸ್ತದೆ" ಎಂದರು ರೈಗಳು.

"ಟಿವಿಗೆ ಟಿವಿಯ ವೈರು ಸಾಲದಾ ಮಾರಾಯ್ರೆ?"

ರೈಗಳು ತಾವೇ ಬಂದರಿಗೆ ಹೋದರು. ಗುಜರಿ ವ್ಯಾಪಾರಿ ಹಸನಬ್ಬ ಹಳೆ ಹಡಗಿನಿಂದ ಬಿಚ್ಚಿದ ಕೇಬಲಿನ ಸುರುಳಿ ತೋರಿಸಿದ. "ಜಾಲರಿ ಉಂಟು ರೈಗಳೇ. ಆದ್ರೆ ಇದು ವಯರ್‌ಲೆಸ್ಸಿನದ್ದು. ಕ್ಯಾಮೆರಾಕ್ಕೆ ಆಗ್ತದಾ ಅಂತ ನನಗೆ ಗೊತ್ತಿಲ್ಲ."

ಆತುರದಲ್ಲಿ ರೈಗಳು ಅದನ್ನೇ ತಂದು ಎಳೆದರು. ಗೆರೆ ಕಡಿಮೆಯಾಯಿತು; ಆದರೆ ಚಿತ್ರದಲ್ಲಿ ಪ್ರತಿಯೊಂದಕ್ಕೂ ಪಕ್ಕದಲ್ಲಿ ಒಂದು ನೆರಳು. ಹೊರಗಿನಿಂದ ಒಂದೇ ತರಹ ಕಂಡರೂ ವಯರ್‌ಲೆಸ್ಸಿನ ಕೇಬಲ್ ಕ್ಯಾಮೆರಾಕ್ಕೆ ಹೊಂದುವುದಿಲ್ಲ. ಅಷ್ಟರಲ್ಲಿ ಗುಲಾಬಿ ಕೆಲಸಕ್ಕೆ ಮರಳಿದ್ದಳು.

"ಈಗ ಇಬ್ಬರು ಗುಲಾಬಿಯರು ಕಾಣ್ತಾರೆ" ಎಂದು ಪಿಂಟೊ ನಕ್ಕರು. ರೈಗಳಿಗೆ ನಗು ಬರಲಿಲ್ಲ.

ಸರಿಯಾದ ಕೇಬಲ್ ಬೊಂಬಾಯಿಯಿಂದ ಬರುವಾಗ ಮತ್ತೊಂದು ಮಳೆಗಾಲ ಹತ್ತಿರವಾಗಿತ್ತು. ರೈಗಳು ಅದನ್ನು ಮೋಟಾರಿನ ವೈರುಗಳಿಂದ ದೂರ, ಕಂಪೌಂಡು ಗೋಡೆಗುಂಟ ಎಳೆದು, ಜೋಡಣೆಗೆ ನೀರು ಇಳಿಯದ ಹಾಗೆ ಟೇಪು ಸುತ್ತಿದರು. ಚಿತ್ರ ಎಷ್ಟು ನಿಚ್ಚಳ ಬಂತೆಂದರೆ ಗುಲಾಬಿ ಕೆಲಸದ ಹೊತ್ತಿಗೆ ಕೈಗೆ ಸುತ್ತಿಕೊಳ್ಳುತ್ತಿದ್ದ ಬಟ್ಟೆ ಕೂಡ ಕಾಣುತ್ತಿತ್ತು.

ಧನಿಗಳು ಬಂದು ನೋಡಿದರು. "ಇಷ್ಟು ಚಂದ ಕಾಣ್ತದಾ! ಹಾಗಾದ್ರೆ ಗೇಟಿಗೆ ಹಾಕಿ. ಯಾರು ತಡ ಬರ್ತಾರೆ ಅಂತ ಆಫೀಸಿನಲ್ಲೇ ಗೊತ್ತಾಗ್ಲಿ."

"ಧನಿ, ಇದು ಗುಲಾಬಿಯ ಬೆರಳು ಹೋಯ್ತು ಅಂತ ತರಿಸಿದ್ದಲ್ವಾ?" ಎಂದರು ರೈಗಳು.

"ಅವಳು ಇನ್ನು ಜಾಗ್ರತೆ ಮಾಡ್ತಾಳೆ."

ಕ್ಯಾಮೆರಾ ಗೇಟಿಗೆ, ಟಿವಿ ಆಫೀಸಿಗೆ ಹೋಯಿತು. ಬಿಚ್ಚಿ ಹಾಕಿದ್ದೂ ರೈಗಳೇ. ಬೇರೆ ದಾರಿ ಇರಲಿಲ್ಲ. ಆ ವಾರವೇ, ಯಾರನ್ನೂ ಕೇಳದೆ, ಅವರು ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿ ಅದರ ತುದಿಗೆ, ಹಗ್ಗ ಎಳೆದರೆ ಬೆಲ್ಟು ನಿಲ್ಲುವ ಹಾಗೆ, ಸ್ವಿಚ್ ಕೂರಿಸಿದರು. ಗುಲಾಬಿ ಎಡಗೈಯಲ್ಲಿ ಎಳೆದಳು. ಬೆಲ್ಟು ಗಕ್ಕನೆ ನಿಂತಿತು.

"ಇದನ್ನು ಮೊದಲೇ ಮಾಡ್ಬಹುದಿತ್ತಲ್ಲ ಅಣ್ಣಾ?"

ರೈಗಳಿಗೆ ಕೆಂಡದಂಥ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಅವರು ಹಗ್ಗವನ್ನು ಇನ್ನಷ್ಟು ಬಿಗಿಯುತ್ತ ಅಲ್ಲೇ ಕುಳಿತರು.