ಗಾಳಿಪಟಕ್ಕೆ ಬೆನ್ನು ಮಾಡಿದ ದೊನ್ ಇಲಾರಿಯೊ

ಮನೆ ಬಿಟ್ಟವರನ್ನು ಕಂಡಿದ್ದೇವೆ, ಮಾಂಸ ಬಿಟ್ಟವರನ್ನು ಕಂಡಿದ್ದೇವೆ, ಹೆಂಡತಿಯ ಬಾಯಿಗೆ ಹೆದರಿ ಹೆಂಡ ಬಿಟ್ಟವರಂತೂ ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಆಕಾಶವನ್ನೇ ಬಿಟ್ಟವರು ಈ ಭೂಮಂಡಲದಲ್ಲಿ ಒಬ್ಬರೇ, ಸುಂಪಾಂಗೊ ಊರಿನ ದೊನ್ ಇಲಾರಿಯೊ ಕುಶಿಲ್. ಅವರು ತಲೆ ಎತ್ತುವುದಿಲ್ಲ. ಸೂರ್ಯ ಅವರ ಮೇಲ್ವಿಚಾರಣೆಯಿಲ್ಲದೆ ಹುಟ್ಟುತ್ತಾನೆ, ಹಾಗೆಯೇ ಮುಳುಗುತ್ತಾನೆ. ಅಗ್ನಿಪರ್ವತ ಹೊಗೆಯುಗುಳಿದ ದಿನ ಊರೆಲ್ಲ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದರೆ, ಇವರು ಅಂಗಳಕ್ಕೆ ಬಿದ್ದ ಬೂದಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಪೊರಕೆ ತರಲು ಒಳಗೆ ಹೋದರು. ಗ್ರಹಣವನ್ನು ಬೋಗುಣಿಯ ನೀರಿನಲ್ಲಿ ನೋಡಿದರು. ವಿಮಾನ ಬಂದಾಗ ಕೋಳಿ ಕತ್ತು ವಾರೆ ಮಾಡಿ ಒಂದು ಕಣ್ಣನ್ನು ಮೇಲಕ್ಕೆ ಹೊರಳಿಸುತ್ತದಲ್ಲ, ಅದನ್ನು ನೋಡಿ "ವಿಮಾನ" ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಈ ಮಹಾಪುರುಷರಿಗೆ ದೇವರು ಒಪ್ಪಿಸಿದ ಕೆಲಸ ಗಾಳಿಪಟ ಎತ್ತಿಸುವುದು.

ನವೆಂಬರ್ ಒಂದರಂದು ನಮ್ಮ ಸತ್ತವರು ಮನೆಗೆ ಬರುತ್ತಾರೆ. ಅವತ್ತು ಸ್ಮಶಾನದ ಪಕ್ಕದ ಬಯಲಿನಲ್ಲಿ ಪಟ ಎತ್ತುತ್ತೇವೆ. ಚಿಕ್ಕವು ಹಾರುತ್ತವೆ. ದೊಡ್ಡವು ಹಾರುವುದಿಲ್ಲ, ಮನೆಗಳ ಮೇಲೆ ಮನೆ ಪೇರಿಸಿದಷ್ಟು ಎತ್ತರಕ್ಕೆ ಸುಮ್ಮನೆ ನಿಲ್ಲುತ್ತವೆ. ಅವು ಹಾರಿದರೆ ಊರನ್ನೇ ಹೊತ್ತುಕೊಂಡು ಹೋದಾವು. ಬಿದಿರಿನ ಎಲುಬು, ತೆಳು ಬಣ್ಣದ ಕಾಗದದ ಚರ್ಮ, ಅಂಚಿನ ಸುತ್ತ ಗಾಳಿಗೆ ಗುಂಯ್‌ಗುಡುವ ಪಟ್ಟಿಗಳು. ಆ ಸದ್ದಿಗೆ ಕೆಟ್ಟ ಆತ್ಮಗಳು ಓಡುತ್ತವೆ, ಬಣ್ಣ ಕಂಡು ನಮ್ಮವರು ದಾರಿ ಹಿಡಿಯುತ್ತಾರೆ. ಇಂಥದ್ದನ್ನು ನೆಲದಿಂದ ಎಬ್ಬಿಸಲು ಹಿಂದಿನಿಂದ ಬಿದಿರು ಕೊಟ್ಟು ನೂಕುವವರು ಬೇಕು, ಮುಂದಿನಿಂದ ಹಗ್ಗ ಎಳೆಯುವವರು ಬೇಕು, ಇವರೆಲ್ಲರಿಗೂ ಹೇಳಿ ಮಾಡಿಸುವ ಒಬ್ಬ ಕೂಗುವವ ಬೇಕು. ಬೇರೆ ಗುಂಪುಗಳ ಕೂಗುವವರು ಕೊಕ್ಕರೆಯ ಹಾಗೆ ಕತ್ತು ಚಾಚಿ ಪಟವನ್ನೇ ನೋಡುತ್ತಿರುತ್ತಾರೆ. ನಮ್ಮ ಕೂಗುವವರು ಪಟದ ಬುಡದಲ್ಲಿ, ಪಟಕ್ಕೆ ಬೆನ್ನು ಮಾಡಿ, ಒಣಹುಲ್ಲಿನ ಟೋಪಿಯ ಕೆಳಗಿನಿಂದ ನೆಲ ನೋಡುತ್ತ, "ಸ್ಮಶಾನದ ಕಡೆ ಸಡಿಲ, ರಸ್ತೆ ಕಡೆ ಬಿಗಿ" ಎನ್ನುತ್ತಾರೆ. ಅವರು ಕೂಗಲು ಹಿಡಿದಂದಿನಿಂದ ನಮ್ಮ ಒಂದು ಪಟವೂ ಬಿದ್ದಿಲ್ಲ.

ಯಾಕೆ ಹೀಗೆ ಎಂಬುದಕ್ಕೆ ಊರಿನಲ್ಲಿ ತಲೆಗೊಂದು ಕಥೆಯಿತ್ತು. ಯೌವನದಲ್ಲಿ ಗಾಳಿಯ ಜೊತೆ ಅವರದೊಂದು ಒಪ್ಪಂದವಾಗಿತ್ತಂತೆ: ನೀನು ನನ್ನ ಪಟ ಹರಿಯಬೇಡ, ನಾನು ನಿನ್ನ ಮುಖ ನೋಡುವುದಿಲ್ಲ. ಪಾದ್ರಿಗಳ ಪ್ರಕಾರ ಅದು ವಿನಯ. ಕ್ಷೌರದಂಗಡಿಯವನ ಪ್ರಕಾರ ಅವರ ಕತ್ತಿನಲ್ಲಿ ಆ ದಿಕ್ಕಿಗೆ ಕೀಲೇ ಇಲ್ಲ. ಇದನ್ನು ಪರೀಕ್ಷಿಸಲೆಂದು ಕೆಲವರು ಅವರಿಗೆ ಕಾಫಿ ಕೊಡಿಸಿದರು, ಕೊನೆಯ ಗುಟುಕಿಗಾದರೂ ತಲೆ ಹಿಂದಕ್ಕೆ ಹೋಗಲೇಬೇಕಲ್ಲ ಎಂದು. ಅವರು ಕೊನೆಯ ಗುಟುಕನ್ನು ಲೋಟದಲ್ಲೇ ಬಿಟ್ಟು, ಉಪಕಾರವಾಯಿತು ಎಂದು ಹೇಳಿ ಎದ್ದುಹೋದರು.

ನಾನು ಅವರ ಭಾವಮೈದುನ, ಚೆಮಾ. ನನ್ನ ಅಕ್ಕ ತೊಮಾಸಾಳನ್ನು ಅವರಿಗೆ ಕೊಟ್ಟಿತ್ತು. ಭಾವನನ್ನು ಗೇಲಿ ಮಾಡುವುದು ನನಗೆ ಮದುವೆಯಲ್ಲಿ ಬಂದ ಹಕ್ಕು. ಅಲ್ಲದೆ ಪ್ರತಿವರ್ಷ ನಡುವಿನ ಹಗ್ಗ ಹಿಡಿದು ಅವರ ಎದುರಿಗೇ ನಿಲ್ಲುವವನೂ ನಾನೇ. ಅವರ ಟೋಪಿಯ ನೆತ್ತಿಯನ್ನು ನಾನು ನೋಡಿದಷ್ಟು ಯಾರೂ ನೋಡಿಲ್ಲ.

ಅಕ್ಕ ಹೋದ ವರ್ಷ ಮಳೆಗಾಲಕ್ಕೆ ಮುಂಚೆ ತೀರಿಕೊಂಡಳು. ಈ ಸಲದ ಪಟದ ನಡುವೆ ಅವಳ ಮುಖವೇ ಇರಬೇಕೆಂದು ಮಗಳು ಎಲ್ವಿರಾ ಹಠ ಹಿಡಿದಳು. ಹಿಂದೆ ಪಟದ ಕೆಲಸಕ್ಕೆ ಹೆಂಗಸರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಎಲ್ವಿರಾ ಬಂದಮೇಲೆ ನಮ್ಮಂಥ ಗಂಡಸರನ್ನು ಅಂಟು ಕಲಸಲು ಕೂರಿಸಿ ಉಳಿದದ್ದನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ. ತಿಂಗಳುಗಟ್ಟಲೆ ಮಂಡಿಯೂರಿ ಕಾಗದ ಕತ್ತರಿಸಿದಳು, ಅಂಟಿಸಿದಳು. ಅಕ್ಕನ ಕೆಂಪು ರವಿಕೆಯ ಕಸೂತಿ, ಜಡೆಯ ನೂಲು, ಎಡಗೆನ್ನೆಯ ಮೇಲೆ ಕಪ್ಪು ಹುರುಳಿಕಾಳಿನಂತಿದ್ದ ಮಚ್ಚೆ, ಯಾವುದನ್ನೂ ಬಿಡಲಿಲ್ಲ. ಪಟದ ಮೇಲೆ ಆ ಮಚ್ಚೆ ರೊಟ್ಟಿ ಹೆಂಚಿನಷ್ಟಾಯಿತು. ಭಾವ ಬಿದಿರು ಮತ್ತು ಹಗ್ಗದವರು. ಅಂಗಳದಲ್ಲಿ ಕೂತು ಗಂಟು ಹಾಕುತ್ತಿದ್ದರೇ ಹೊರತು ಒಳಗೆ ಬಂದು ಚೆನ್ನಾಗಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಎಲ್ವಿರಾಳಿಗೆ ಬೇಕಾಗಿದ್ದದ್ದು ಒಂದೇ. ಹಬ್ಬದ ಬೆಳಗ್ಗೆ, ಅಮ್ಮನ ಸಮಾಧಿಗೆ ಚೆಂಡುಹೂವಿನ ಎಸಳು ಉದುರಿಸುತ್ತ ನನ್ನನ್ನು ಕೇಳಿದಳು.

"ಮಾವ, ಈ ಸಲನಾದ್ರೂ ಅಪ್ಪ ತಲೆ ಎತ್ತಿ ನೋಡ್ತಾರೆ ಅಲ್ವಾ? ಅಮ್ಮನ ಮುಖ ಅದು."

"ನೋಡ್ತಾರೆ ಬಿಡೇ," ಎಂದೆ. "ಅವಳು ಬದುಕಿದ್ದಾಗ ಅವಳ ಮುಂದೆ ತಲೆ ಎತ್ತೋ ಧೈರ್ಯ ಇರ್ಲಿಲ್ಲ. ಈಗ ಇನ್ನೇನು ಭಯ."

ಅವಳು ನಗಲಿಲ್ಲ. ನನ್ನ ಮಾತೂ ಅಷ್ಟೇನೂ ಗಟ್ಟಿಯಾಗಿರಲಿಲ್ಲ.

ಮಧ್ಯಾಹ್ನ ಪಟ ಎದ್ದಿತು. ಹಿಂದಿನವರು ನೂಕಿದರು, ನಾವು ಎಳೆದೆವು, ಬಿದಿರು ಮುಲುಗಿತು. ಅರ್ಧ ಎದ್ದಿದ್ದಾಗ ಬೆಟ್ಟದ ಕಡೆಯಿಂದ ಗಾಳಿ ಬೀಸಿ, ಅಂಚಿನ ಪಟ್ಟಿಗಳೆಲ್ಲ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್‌ಗುಟ್ಟಿದವು. ರಸ್ತೆ ಕಡೆಯ ಬಿದಿರು ಬಿಲ್ಲಾಯಿತು. ನನ್ನ ಎದುರಿಗೇ ಇದ್ದದ್ದರಿಂದ ನನಗೆ ಕಂಡಿತು, ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ, ಪಟಕ್ಕೆ ಬೆನ್ನು ಮಾಡಿ ನಿಂತಿದ್ದ ಭಾವ, ಉಪ್ಪು ಕೇಳುವ ದನಿಯಲ್ಲಿ, "ರಸ್ತೆ ಕಡೆ ಬಿಡ್ರಪ್ಪ, ಸ್ವಲ್ಪ, ಸಾಕು," ಎಂದರು. ಬಿದಿರು ನೆಟ್ಟಗಾಯಿತು. ತೊಮಾಸಾ ಅಕ್ಕ ಬಿಸಿಲಿಗೆ ಬೆನ್ನುಕೊಟ್ಟು, ಊರಿಗೆ ಮುಖಮಾಡಿ, ಆಕಾಶದಷ್ಟಾಗಿ ನಿಂತಳು. ಹಗ್ಗಗಳನ್ನು ಗೂಟಕ್ಕೆ ಬಿಗಿದೆವು. ಬಯಲೆಲ್ಲ ಚಪ್ಪಾಳೆ.

ಎಲ್ವಿರಾ ಚಪ್ಪಾಳೆ ಕೇಳಿಸಿಕೊಳ್ಳಲಿಲ್ಲ. ಅವಳು ನೋಡುತ್ತಿದ್ದದ್ದು ಅಪ್ಪನ ಕತ್ತನ್ನು. ಊರಿನ ಅರ್ಧ ಜನವೂ ಅದನ್ನೇ ನೋಡುತ್ತಿದ್ದರು. ಕತ್ತು ಅಲುಗಲಿಲ್ಲ.

ಆಮೇಲೆ ನಗು ಶುರುವಾಯಿತು. ಮೊದಲು ಹಚ್ಚಿದವಳು ಜೋಳದ ಅಂಬಲಿ ಮಾರುವ ದೊನ್ಯಾ ಪೆತ್ರೋನಾ. ಅವಳು ಅಕ್ಕನ ಗೆಳತಿ, ಹಾಗಾಗಿ ಅವಳಿಗೂ ಹಕ್ಕಿತ್ತು.

"ಅಯ್ಯೋ, ಇದ್ಯಾಕೆ ತೊಮಾಸಾಳ ಮಚ್ಚೆ ಮನೆ ಬದಲಾಯಿಸಿದೆ?"

ನಾನು ತಲೆ ಎತ್ತಿ ನೋಡಿದೆ. ಹೌದು. ಹೆಂಚಿನಷ್ಟು ದೊಡ್ಡ ಮಚ್ಚೆ ಬಲಗೆನ್ನೆಯ ಮೇಲೆ ಕೂತಿತ್ತು.

ತಪ್ಪು ಎಲ್ಲಾಯಿತೆಂದು ಪಟ ಮಾಡುವವರಿಗೆ ತಕ್ಷಣ ಹೊಳೆಯುತ್ತದೆ. ಬಿದಿರನ್ನು ಬೆನ್ನಿಗೆ ಕಟ್ಟಬೇಕಾದ್ದರಿಂದ ಪಟವನ್ನು ನೆಲದ ಮೇಲೆ ಬೋರಲಾಗಿ ಹಾಕಿಯೇ ಅಂಟಿಸುತ್ತೇವೆ. ತಿಂಗಳುಗಟ್ಟಲೆ ನಮಗೆ ಕಾಣುವುದು ಅದರ ಬೆನ್ನು. ಎಲ್ವಿರಾ ಫೋಟೋ ನೋಡಿ ಬೆನ್ನಿನ ಮೇಲೆ ಸರಿಯಾಗಿಯೇ ಬರೆದಿದ್ದಳು. ಎದ್ದು ನಿಂತಮೇಲೆ ಎಡಬಲ ಅದಲುಬದಲು. ಇಷ್ಟು ವರ್ಷ ನಾವು ಹೂವು, ಚಕ್ರ, ನಕ್ಷತ್ರ ಮಾಡಿಕೊಂಡು ಬಂದವರು. ಹೂವಿಗೆ ಎಡಬಲ ಇಲ್ಲ. ಅಕ್ಕನಿಗೆ ಇತ್ತು.

ಪೆತ್ರೋನಾ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಾಪ ತೊಮಾಸಾ ಅಷ್ಟು ದೂರದಿಂದ ಬರುತ್ತಾಳೆ, ಇದು ಯಾರೋ ಬೇರೆ ಹೆಂಗಸಿನ ಪಟ ಅಂದುಕೊಂಡು ಪಕ್ಕದ ಊರಿಗೆ ಹೋಗಿಬಿಡುತ್ತಾಳೆ ಎಂದಳು. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ವಿರಾ ಹಗ್ಗಗಳನ್ನು ದಾಟಿಕೊಂಡು ನೇರ ಪಟದ ಬುಡಕ್ಕೆ, ಅಪ್ಪನ ಬಳಿಗೆ ನಡೆದಳು. ನಾನೂ ಹಿಂದೆ ಹೋದೆ, ಸಮಾಧಾನ ಮಾಡಲು ಎಂದು ಹೇಳಿಕೊಳ್ಳಬಹುದು. ನಿಜವಾಗಿ ಏನಾಗುತ್ತದೆಂದು ನೋಡಲು.

"ಇಳಿಸ್ಬಿಡಿ ಅಪ್ಪ," ಎಂದಳು.

"ಯಾಕವ್ವ? ಈಗ ತಾನೇ ನಿಂತಿದೆ."

"ಮಚ್ಚೆ ತಪ್ಪು ಕೆನ್ನೆಗೆ ಹೋಗಿದೆ. ಅಮ್ಮ ಬಂದ್ರೆ ಅವಳ ಮುಖ ಅವಳಿಗೇ ಗುರುತು ಸಿಗಲ್ಲ. ಬೇಕಾದ್ರೆ ಒಂದ್ಸಲ ತಲೆ ಎತ್ತಿ ನೋಡಿ, ನಿಮ್ಮ ದಮ್ಮಯ್ಯ."

ಭಾವ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿದರು. "ಸರಿಯಾದ ಕೆನ್ನೆ ಮೇಲೇ ಇದೆಯಲ್ಲ," ಎಂದರು.

"ನೋಡ್ದೇನೇ ಹೇಳ್ತೀರಲ್ಲ."

"ನೋಡ್ತಾನೇ ಇದೀನಿ. ಬಾ ಇಲ್ಲಿ. ನನ್ನ ಪಕ್ಕ ನಿಂತ್ಕೋ. ಪಟಕ್ಕೆ ಬೆನ್ನು ಮಾಡು. ಹಾಂ, ಕೆಳಗೆ ನೋಡು."

ಅವಳು ಸಿಟ್ಟಿನಲ್ಲೇ ತಿರುಗಿ ನಿಂತಳು. ನಿಂತವಳು ಹಾಗೇ ಉಳಿದಳು. ನಾನೂ ಹೋಗಿ ಅವರ ಇನ್ನೊಂದು ಪಕ್ಕದಲ್ಲಿ ನಿಂತೆ.

ನಮ್ಮ ಕಾಲ ಬಳಿಯಿಂದ ಹಿಡಿದು ಹಗ್ಗದವರು ನಿಲ್ಲುವ ಜಾಗದವರೆಗೆ ಬಯಲಿನ ಮೇಲೆ ನನ್ನ ಅಕ್ಕ ಮಲಗಿದ್ದಳು. ತೆಳು ಕಾಗದದ ಮೂಲಕ ಬಿಸಿಲು ಇಳಿದು, ರವಿಕೆಯ ಕೆಂಪು ಕೆಂಪಾಗಿಯೇ, ಜಡೆಯ ನೂಲಿನ ನೀಲಿ ನೀಲಿಯಾಗಿಯೇ ಹುಲ್ಲಿನ ಮೇಲೆ ಬಿದ್ದಿತ್ತು. ಬಿದಿರುಗಳ ನೆರಳು ಗೆರೆ ಎಳೆದ ಹಾಗೆ ಸ್ಪಷ್ಟವಾಗಿತ್ತು. ಗಾಳಿ ಬಂದಾಗ ಯಾವುದು ಎಷ್ಟು ಬಾಗಿತೆಂದು ಅಲ್ಲೇ ಕಾಣುತ್ತಿತ್ತು. ಹಗ್ಗ ಹಿಡಿದು ಎದುರಿಗೆ ನಿಲ್ಲುವ ನಮಗೆ ಇದೆಲ್ಲ ಯಾವಾಗಲೂ ತಲೆಕೆಳಗಾಗಿ, ಕಾಲಡಿಯ ಕಲೆಯಾಗಿ ಕಂಡಿತ್ತೇ ಹೊರತು ಪಟವಾಗಿ ಕಂಡಿರಲಿಲ್ಲ. ಬೆನ್ನು ಮಾಡಿ ನಿಂತವನಿಗೆ ಮಾತ್ರ ಅದು ನೆಟ್ಟಗೆ ಕಾಣುತ್ತದೆ, ಎಡಬಲ ಮತ್ತೊಂದು ಸಲ ತಿರುಗಿಕೊಂಡು. ಎಲ್ವಿರಾಳ ತಪ್ಪನ್ನು ಬಿಸಿಲು ತಿದ್ದಿ ಕೆಳಗಿಟ್ಟಿತ್ತು. ಮಚ್ಚೆ ಎಡಗೆನ್ನೆಯ ಮೇಲಿತ್ತು.

"ಎತ್ತೋವಾಗ ಮುಖ ಸ್ವಲ್ಪ ಕುಳ್ಳಗಿತ್ತು," ಎಂದರು ಭಾವ. "ಬಿಸಿಲು ಇಳಿದ ಹಾಗೆ ಸರಿ ಹೋಯ್ತು. ಇನ್ನೂ ಸ್ವಲ್ಪ ಹೊತ್ತಾದ್ರೆ ಉದ್ದ ಆಗ್ಬಿಡ್ತಾಳೆ. ನೋಡೋದಾದ್ರೆ ಈಗ್ಲೇ ನೋಡ್ಕೊಂಬಿಡು."

ಎಲ್ವಿರಾ ನೋಡಿದಳು. ಆಮೇಲೆ ಕಣ್ಣು ಒರೆಸಿಕೊಂಡು, "ಮೂಗು?" ಎಂದು ಕೇಳಿದಳು.

"ಮೂಗು ಅವಳ್ದೇ," ಎಂದರು. ಅವರ ಬಾಯಿಯಿಂದ ಮಗಳಿಗೆ ಬಂದ ಮೊದಲ ಬಿರುದು ಅದು. ಪಟ ಇಳಿಸುವ ಮಾತು ಮತ್ತೆ ಬರಲಿಲ್ಲ.

ಸುದ್ದಿ ಬಯಲಿಗೆ ಹಬ್ಬಿತು. ಮೊದಲು ಬಂದವಳು ಪೆತ್ರೋನಾ. ಬೆನ್ನು ಮಾಡಿ ನಿಂತು, ಕೆಳಗೆ ನೋಡಿ, ಹೋಗಿ ಎಲ್ವಿರಾಳಿಗೆ ಒಂದು ಲೋಟ ಅಂಬಲಿ ತಂದುಕೊಟ್ಟಳು. ಅವಳ ಹಿಂದೆ ಪಾದ್ರಿಗಳು, ಕ್ಷೌರದಂಗಡಿಯವನು, ಬೆಲ್ಲದಲ್ಲಿ ಬೇಯಿಸಿದ ಕುಂಬಳದ ತಟ್ಟೆ ಕೈಯಲ್ಲೇ ಹಿಡಿದುಕೊಂಡವರು. ಅಗ್ನಿಪರ್ವತಕ್ಕೂ ಬಾಯಿ ತೆರೆದು ನೋಡಿದ್ದ ಊರು, ವರ್ಷದ ಅತಿ ಎತ್ತರದ ಪಟಕ್ಕೆ ಸಾಲಾಗಿ ಬೆನ್ನು ಮಾಡಿ, ಉಂಗುರ ಕಳೆದುಕೊಂಡವರ ಹಾಗೆ ನೆಲ ನೋಡುತ್ತ ನಿಂತಿತು. ಬೇರೆ ಊರುಗಳಿಂದ ಬಂದವರಿಗೆ ಇದೇನೋ ಹಳೆಯ ಪದ್ಧತಿ ಎನಿಸಿರಬೇಕು, ಅವರೂ ತಿರುಗಿ ನಿಂತರು.

ನೋಡುತ್ತ ನಿಂತವರಿಂದ ವ್ಯಾಖ್ಯಾನಗಳೂ ಹೊರಟವು. ಆಕಾಶದಲ್ಲಿರುವವರನ್ನು ಭೂಮಿಯ ಮೇಲೆ ಹುಡುಕಬೇಕು ಎಂಬುದೇ ದೊನ್ ಇಲಾರಿಯೊ ಇಷ್ಟು ವರ್ಷ ಮಾತಿಲ್ಲದೆ ಕಲಿಸಿದ ಪಾಠ ಎಂದರು ಪಾದ್ರಿಗಳು. ಬದುಕಿರುವವರ ತಪ್ಪು ಸತ್ತವರ ಕಡೆಯಿಂದ ನೋಡಿದರೆ ಸರಿಯಾಗಿ ಕಾಣುತ್ತದೆ ಎಂದ ಕ್ಷೌರದಂಗಡಿಯವನು. ಕತ್ತಿನ ಕೀಲಿನ ಸಿದ್ಧಾಂತವನ್ನು ಅವನು ಅಷ್ಟು ಹೊತ್ತಿಗೆ ಕೈಬಿಟ್ಟಿದ್ದ. ನಾನೂ ಗೇಲಿಯ ಹಕ್ಕನ್ನು ಒಂದು ದಿನಕ್ಕೆ ಬದಿಗಿಟ್ಟು, ಭಾವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

"ಭಾವ, ಇವತ್ತಾದ್ರೂ ಹೇಳ್ಬಿಡಿ. ಇಷ್ಟು ವರ್ಷ ತಲೆ ಎತ್ತದೆ ಇದ್ದಿದ್ದು ಇದಕ್ಕೇನಾ?"

ಅವರು ನನ್ನನ್ನು ಕೆಳಗಿನಿಂದ, ಟೋಪಿಯ ಅಂಚಿನಡಿಯಿಂದ ನೋಡಿದರು.

"ತಲೆ ಎತ್ತಿದ್ರೆ ಟೋಪಿ ಬೀಳುತ್ತೆ ಕಣೋ," ಎಂದರು. "ನಿಮ್ಮಕ್ಕ ತಂದಿದ್ದು. ಯಾವಾಗ್ಲೂ ಒಂದು ಅಳತೆ ದೊಡ್ಡದೇ ತರ್ತಿದ್ಲು."