ದೀಪ ಆರಿಸಿ

ಚಾಮರಾಜಪೇಟೆಯ ನಮ್ಮ ಸಣ್ಣ ಕನ್ನಡ ಕ್ರೈಸ್ತ ಸಭೆಯಲ್ಲಿ ನನ್ನ ಮಿಮಿಕ್ರಿಗೆ ಸಿಗದೆ ಉಳಿದವರಿರಲಿಲ್ಲ. ಕೀರ್ತನೆಯಲ್ಲಿ ಎಲ್ಲರಿಗಿಂತ ಒಂದು ಸಾಲು ಮುಂದೆ ಓಡುವ ನಮ್ಮಪ್ಪ, ಹಾರ್ಮೋನಿಯಂ ಜೊತೆ ಜಗಳವಾಡುವ ಟೀಚರಮ್ಮ, ಎರಡು ಸಲ ಫೇಲಾಗಿಯೂ "ಬಿ.ಕಾಂ. ಓದ್ತಿದೀನಿ" ಎಂದು ಗತ್ತು ತೋರಿಸುವ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಆದರೆ ಚಪ್ಪಾಳೆ ಬೀಳುತ್ತಿದ್ದದ್ದು ಅಯ್ಯನವರಿಗೆ. ಅಯ್ಯನವರೆಂದರೆ ನಮ್ಮ ಸಭಾಪಾಲಕರು. ಮೂಗಿನಲ್ಲಿ ಹುಟ್ಟಿ ಗಂಟಲಿಗಿಳಿಯುವ ಸ್ವರ. "ಪ್ರಿಯರೇ" ಎಂದರೆ ಆ ಏಕಾರ ಬುಲ್ ಟೆಂಪಲ್ ರಸ್ತೆಯ ತನಕ ಹೋಗಿ ವಾಪಸ್ ಬರುತ್ತಿತ್ತು. ಕಡೆಯ ಆಶೀರ್ವಾದವಾದ ಮೇಲೆ ಅವರು ಮೇಜಿನ ಮೇಲಿನ ಎರಡು ಮೇಣದಬತ್ತಿಗಳ ಕಡೆ ತಿರುಗಿ, ಪಕ್ಕದ ಹಿರಿಯರಿಗೆ ಅದೇ ರಾಗದಲ್ಲಿ "ದೀಪ ಆರಿಸಿ" ಅನ್ನುತ್ತಿದ್ದರು. ಮೈಕ್ ಆಫ್ ಮಾಡಲು ಎಂದೂ ನೆನಪಾಗುತ್ತಿರಲಿಲ್ಲ. ನಮ್ಮ ಪಾಲಿಗೆ ಆರಾಧನೆ ಮುಗಿಯುತ್ತಿದ್ದದ್ದು ಆಮೆನ್‌ಗಲ್ಲ, ಆ ಮಾತಿಗೆ.

ಓಟಿನ ವಿಷಯದಲ್ಲಿ ಮಾತ್ರ ಅಯ್ಯನವರು ಕಲ್ಲು. ಪ್ರತಿ ಚುನಾವಣೆಗೂ ಯಾರಾದರೊಬ್ಬರು ಹಾರ ಹಿಡಿದುಕೊಂಡು ಬಂದು, "ನಿಮ್ಮೋರಿಗೆ ಒಂದು ಮಾತು ಹೇಳ್ಬಿಡಿ ಫಾದರ್" ಎಂದು ಕೂರುತ್ತಿದ್ದರು. ಅವರಿಗೆ ಕಾಫಿ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಅದೇಕೆಂದು ಒಮ್ಮೆ ಕೇಳಿದ್ದೆ. "ಇವರಿಗೆ ಹಾಕಿ ಅಂತ ನಾನು ಹೇಳಿದ್ರೆ, ಇವರು ನಾಳೆ ಮಾಡೋದಕ್ಕೆಲ್ಲ ದೇವರ ಹತ್ರ ನಾನು ಜಾಮೀನು ನಿಂತಂಗೆ ಕಣಪ್ಪ" ಅಂದಿದ್ದರು. ಅದನ್ನೂ ಆ ಸಂಜೆಯೇ ಅವರ ಸ್ವರದಲ್ಲಿ ಹೇಳಿ ನಗಿಸಿದ್ದೆ.

ತೊಂಬತ್ತರ ದಶಕದ ಆ ಕಾರ್ಪೊರೇಷನ್ ಚುನಾವಣೆಗೆ ನಮ್ಮ ವಾರ್ಡಿನಲ್ಲಿ ಪಕ್ಷೇತರನೊಬ್ಬ ನಿಂತ. ಅವನ ಗುರುತು ದೀಪ. ಅವನ ಪ್ರಚಾರದ ಆಟೋ ಓಡಿಸುತ್ತಿದ್ದವನು ಎನ್.ಆರ್. ಕಾಲೋನಿಯ ನನ್ನ ಗೆಳೆಯ.

"ಮಗಾ, ನಿಮ್ಮ ಪಾದ್ರಿ ಥರ ಒಂದ್ಸಲ ಹೇಳೋ. ನಮ್ಮ ಹುಡುಗ್ರು ನಗ್ಲಿ."

ಹೇಳಿದೆ. ಪ್ರಿಯರೇ, ದೀಪ ಆರಿಸಿ. ಆರಿಸುವುದೆಂದರೆ ನಂದಿಸುವುದೂ ಹೌದು, ಚುನಾಯಿಸುವುದೂ ಹೌದು. ಇಂಥ ಜೋಕನ್ನು ಭಾಷೆಯೇ ಕೈಗಿಡುವಾಗ ಬೇಡವೆನ್ನಲು ನಾನೇನು ಸನ್ಯಾಸಿಯೇ? ಅವನು ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದ್ದು ನನಗೆ ಕಾಣಿಸಿತ್ತು. ಕಂಡಿದ್ದರಿಂದಲೇ ಎರಡನೆಯ ಸಲ ಇನ್ನೂ ಚೆನ್ನಾಗಿ ಹೇಳಿದೆ.

ಮೂರು ದಿನ ಆ ಕ್ಯಾಸೆಟ್ ಚಾಮರಾಜಪೇಟೆಯ ಒಂದೊಂದು ಮೇನ್ ರೋಡಿನಲ್ಲೂ ಸುತ್ತಿತು. ನಾಲ್ಕನೆಯ ದಿನ ಎದುರು ಅಭ್ಯರ್ಥಿಯ ಕಡೆಯವರು ನಮ್ಮ ಚರ್ಚಿನ ಗೇಟಿಗೆ ಬಂದರು. ಯಾರನ್ನೂ ಹೊಡೆಯಲಿಲ್ಲ, ಬೈಯಲೂ ಇಲ್ಲ. "ನಿಮ್ಮ ಸ್ವಾಮಿಗಳು ಇಲ್ಲಿ ರಾಜಕೀಯ ಶುರು ಮಾಡವ್ರೆ ಅಂತ ಕೇಳಿದ್ವಿ. ನೋಡ್ಕೊಳಿ" ಎಂದಷ್ಟೇ ಹೇಳಿ ಹೋದರು. ಅಷ್ಟು ಸಾಕಾಯಿತು. ಸಭೆಯ ಕಮಿಟಿಯ ಕಾರ್ಯದರ್ಶಿ ಹೇಳಿದರು: "ನಾವಿರೋದೇ ಒಂದು ಹಿಡಿ ಜನ. ಗೆದ್ದೋರು ನಾಳೆ ಇದೇ ಗೇಟಲ್ಲಿ ನಿಂತ್ರೆ ಯಾರನ್ನ ಕೂಗೋಣ?"

ಅಯ್ಯನವರನ್ನು ವರ್ಗ ಮಾಡಿಸುವುದೆಂದು ಮಾತಾಯಿತು. ಗಡಿ ಕಡೆಯ ಒಂದು ಊರು, ಇಲ್ಲಿಂದ ಒಂದು ರಾತ್ರಿಯ ರೈಲು. ಅಯ್ಯನವರ ಹೆಂಡತಿಯನ್ನು ನಾವೆಲ್ಲ ಅಮ್ಮನವರು ಅನ್ನುತ್ತಿದ್ದೆವು. ಅವರ ಎರಡೂ ಕಿಡ್ನಿ ಹೋಗಿ, ವಾರಕ್ಕೆರಡು ಸಲ ಇಲ್ಲಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಆ ಊರಲ್ಲಾಗಲಿ ಸುತ್ತಮುತ್ತಲಾಗಲಿ ಆ ಮೆಷೀನು ಇರಲಿಲ್ಲ.

ಕಮಿಟಿ ಸೇರಿದ ದಿನ ನಾನು ಕರೆಯದೆಯೇ ಒಳಗೆ ಹೋದೆ. ಅಯ್ಯನವರೂ ಒಂದು ಮೂಲೆಯಲ್ಲಿ ಕೂತಿದ್ದರು.

"ಅದು ಅಯ್ಯನವರ ಸ್ವರ ಅಲ್ಲ. ನಂದು."

"ಎಲ್ಲಿ, ಮಾಡಪ್ಪ ನೋಡೋಣ" ಅಂದರು ಕಾರ್ಯದರ್ಶಿ.

ಜೀವನದಲ್ಲಿ ಅಷ್ಟು ಜಾಗ್ರತೆಯಿಂದ ಯಾವತ್ತೂ ಮಾಡಿರಲಿಲ್ಲ. ಮೂಗು, ಗಂಟಲು, ಏಕಾರ, ಎಲ್ಲವೂ ಕೂದಲೆಳೆ ತಪ್ಪದೆ ಬಂದವು. ಅಭ್ಯಾಸ ನೋಡಿ, ಎಲ್ಲರೂ ನಕ್ಕುಬಿಟ್ಟರು. ನಮ್ಮಪ್ಪನೂ ನಕ್ಕರು. ಕಾರ್ಯದರ್ಶಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಬಲು ಚೆನ್ನಾಗಿ ಮಾಡ್ತೀಯ. ಈಗ ಕ್ಯಾಸೆಟ್ ಕೇಳಿ ಅದನ್ನೂ ಕಲ್ತ್ಕೊಂಡು ಬಂದು, ತಪ್ಪು ನಿನ್ನ ಮೇಲೆ ಹಾಕ್ಕೊಳ್ತಿದೀಯ. ಅಯ್ಯನವರ ಮೇಲೆ ನಿನಗೆ ಪ್ರೀತಿ, ನಮಗೂ ಗೊತ್ತು."

"ಇಲ್ಲ ಸಾರ್, ಆಟೋದವನನ್ನ ಕೇಳಿ."

"ಎಲ್ಲಿದಾನೆ ಕರಿ."

ಗಲಾಟೆಯ ವಾಸನೆ ಬಡಿದ ದಿನವೇ ಅವನು ಊರು ಬಿಟ್ಟಿದ್ದ. ಆಗ ಅಯ್ಯನವರು ಎದ್ದು, "ಹುಡುಗನ್ನ ಬಿಟ್ಬಿಡಿ. ಇವನನ್ನ ಇದಕ್ಕೆ ಎಳೀಬೇಡಿ" ಅಂದರು. ನನ್ನನ್ನು ಕಾಯಲು ಆಡಿದ ಮಾತು ಅದು. ಕಮಿಟಿ ಅದನ್ನೇ ತಪ್ಪೊಪ್ಪಿಗೆ ಅಂದುಕೊಂಡಿತು. ನಾನು ಬಿಷಪರ ಕಚೇರಿಗೂ ಕಾಗದ ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಒಂದು ಕಾರ್ಡು ಬಂತು.

ಅಯ್ಯನವರು ಒಬ್ಬರೇ ಹೋದರು. ಅಮ್ಮನವರು ಮಾವಳ್ಳಿಯ ತಂಗಿಯ ಮನೆ ಸೇರಿದರು. ಮಂಗಳವಾರ, ಶುಕ್ರವಾರ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನಾನಾಗಿಯೇ ಹಚ್ಚಿಕೊಂಡೆ. ಮೆಷೀನಿನ ಪಕ್ಕ ನಾಲ್ಕು ಗಂಟೆ ಕೂರುವಾಗ ನರ್ಸುಗಳನ್ನು, ಡಾಕ್ಟರನ್ನು, ವಾರ್ಡ್‌ಬಾಯಿಯನ್ನು ಮಾಡಿ ತೋರಿಸುತ್ತಿದ್ದೆ. ಅವರು ನಗುತ್ತಿದ್ದರು. ಒಂದು ದಿನವೂ ನನ್ನನ್ನು ಏನೂ ಕೇಳಲಿಲ್ಲ. ಒಮ್ಮೆ ಮಾತ್ರ, "ಆ ದೀಪದೋನು ಗೆದ್ನೇನೋ?" ಅಂದರು.

"ಇಲ್ಲಮ್ಮ. ಠೇವಣಿನೂ ಹೋಯ್ತು."

"ಪಾಪ" ಅಂದರು.

ಐದನೆಯ ತಿಂಗಳು, ಒಂದು ಶುಕ್ರವಾರ, ಆಸ್ಪತ್ರೆಯಿಂದ ವಾಪಸ್ ಬರುತ್ತಾ ಆಟೋದಲ್ಲಿ ನನ್ನ ಮೊಣಕೈ ಹಿಡಿದುಕೊಂಡರು.

"ಮಂಗಳವಾರ ಬರಬೇಡಪ್ಪ. ಸೋಮವಾರ ರಾತ್ರಿ ರೈಲಿಗೆ ಹೊರಟಿದೀನಿ. ಅಲ್ಲಿ ಅವರಿಗೆ ಅನ್ನ ಮಾಡಿ ಹಾಕೋರಿಲ್ಲ."

"ಎಷ್ಟು ದಿನಕ್ಕಮ್ಮ?"

ಅವರು ಲಾಲ್‌ಬಾಗಿನ ಗೋಡೆ ಮುಗಿಯುವ ತನಕ ಹೊರಗೆ ನೋಡುತ್ತಿದ್ದರು.

"ಅಮ್ಮ, ಅಲ್ಲಿ ಮೆಷೀನಿಲ್ಲ."

"ಗೊತ್ತು ಕಣೋ" ಅಂದರು. "ಟ್ರಂಕ್ ಭಾರ ಇದೆ, ಸೋಮವಾರ ಸ್ಟೇಷನ್‌ಗೆ ಬಂದು ಹತ್ತಿಸಿಕೊಡ್ತೀಯ?"

ಹತ್ತಿಸಿಕೊಟ್ಟೆ.