ಎಲ್ಲರಿಗೂ ಸರ್

ಠಣ್, ಠಣ್ ಎಂದು ಕಂಬಿ ಬಡಿದ ಸದ್ದಿಗೆ ಹೊಂಗೆ ಮರದ ಕಾಗೆಗಳು ಎದ್ದು ಹಾರಿದವು. ಚಿನ್ನದ ಗಣಿಯೊಳಗೆ ಟ್ರಾಲಿ ಓಡುತ್ತಿದ್ದ ಹಳೆಯ ಕಂಬಿಯ ತುಂಡು ಅದು. ಬೂದಿಕೋಟೆ ಕಡೆಯ ಆ ಸರ್ಕಾರಿ ಶಾಲೆಗೆ ಅದೇ ಗಂಟೆ. ಬಡಿಯುವ ಕೆಲಸವನ್ನು ಕಾಂತರಾಜ್ ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹದಿನೇಳು ವರ್ಷ ಸೈನ್ಯದಲ್ಲಿದ್ದವನು. ಹೊತ್ತಿನ ವಿಷಯದಲ್ಲಿ ಇನ್ನೊಬ್ಬರನ್ನು ನಂಬುವುದು ಅವನಿಂದ ಆಗುತ್ತಿರಲಿಲ್ಲ. ಊರಿನವರು ಅವನನ್ನು ಮಿಲ್ಟ್ರಿ ಮೇಷ್ಟ್ರು ಎನ್ನುತ್ತಿದ್ದರು.

ಶನಿವಾರದ ಬೆಳಗಿನ ಶಾಲೆ. ಏಳನೇ ತರಗತಿಯ ಹಾಜರಿ ಕರೆಯುತ್ತಾ ಅಭ್ಯಾಸಬಲದಿಂದ "ನವ್ಯ" ಎಂದ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ತಗ್ಗಿಸಿದರು.

"ಕೋರಮಂಡಲ್‌ಗೆ ಹೋಗವ್ಳೆ ಸರ್" ಎಂದಳು ಒಬ್ಬಳು, ಅವನಿಗೆ ಗೊತ್ತಿಲ್ಲವೇನೋ ಎಂಬಂತೆ. ನವ್ಯ ಅವನ ಮಗಳು.

ಹೆಂಡತಿ ಶ್ಯಾಮಲಾ ಮಿದುಳು ಜ್ವರದಲ್ಲಿ ತೀರಿಕೊಂಡಾಗ ಅವನು ಗಡಿಯಲ್ಲಿದ್ದ. ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಇಬ್ಬರು ಮಕ್ಕಳನ್ನಾದರೂ ಕಣ್ಣೆದುರು ಬೆಳೆಸಬೇಕೆಂದು ಪಿಂಚಣಿ ತೆಗೆದುಕೊಂಡು ಬಂದ. ಮಕ್ಕಳನ್ನು ಚಿನ್ನದ ಗಣಿಯ ಕೋರಮಂಡಲ್‌ನಲ್ಲಿದ್ದ ಅಕ್ಕ ಕದಿರಮ್ಮನ ಬಳಿ ಬಿಟ್ಟು, ಮೀಸೆ ಮೂಡುತ್ತಿದ್ದ ಹುಡುಗರ ನಡುವೆ ಕೂತು ಬಿ.ಎಡ್ ಮುಗಿಸಿದ. ಮಾಜಿ ಸೈನಿಕರ ಮೀಸಲಿನಲ್ಲಿ ಈ ಶಾಲೆ ಸಿಕ್ಕಿತು. ಬಂಗಾರಪೇಟೆಯಲ್ಲಿ ಮನೆ ಹಿಡಿದು, ನವ್ಯ, ವೆಂಕಿ ಇಬ್ಬರನ್ನೂ ಕರೆತಂದು ತನ್ನ ಶಾಲೆಗೇ ಸೇರಿಸಿದ.

"ಸ್ವಂತ ಮಗಳಿಗೆ ನೀವೇ ಪಾಠ ಮಾಡಿದ್ರೆ ಜನ ಮಾತಾಡ್ತಾರೆ" ಎಂದಿದ್ದರು ಮುಖ್ಯೋಪಾಧ್ಯಾಯಿನಿ ಶಶಿರೇಖ ಮೇಡಂ. ಆ ಮಾತು ಅವನಿಗೆ ನಾಟಿತು. ಮೊದಲ ದಿನ ತರಗತಿಯಲ್ಲಿ ನವ್ಯ "ಅಪ್ಪಾ" ಎಂದು ಕೈಯೆತ್ತಿದಾಗ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ. "ಇಲ್ಲಿ ಯಾರಿಗೂ ನಾನು ಅಪ್ಪ ಅಲ್ಲ. ಎಲ್ಲರಿಗೂ ಸರ್."

ಮಗಳು ವಿಧೇಯಳು. ಒಂದು ಸಂಜೆ ಮನೆಯಲ್ಲಿ ಸೌಟು ಹಿಡಿದು "ಸರ್, ಸಾರು ಹಾಕ್ಲಾ?" ಎಂದುಬಿಟ್ಟಳು. ವೆಂಕಿ ಬಿದ್ದು ಬಿದ್ದು ನಕ್ಕ. ಅವಳು ನಾಲಿಗೆ ಕಚ್ಚಿಕೊಂಡಳು. ಮುಂದಿನ ಸಲ ಕಚ್ಚಿಕೊಳ್ಳಲಿಲ್ಲ. ಅವನ ಬೂಟಿನ ಸದ್ದು ಬಾಗಿಲಿಗೆ ಬಂತೆಂದರೆ ಅಕ್ಕ ತಮ್ಮ ಇಬ್ಬರೂ ಎದ್ದು ನಿಲ್ಲುವುದೂ ಹಾಗೆಯೇ ರೂಢಿಯಾಯಿತು. ಶಿಸ್ತು ಬಂತು ಎಂದು ಅವನು ಹಿಗ್ಗಿದ.

ಈ ಬುಧವಾರ ಅವನು ಭಿನ್ನರಾಶಿ ಹೇಳಿಕೊಡುತ್ತಿದ್ದ. ನವ್ಯ ಎದ್ದು ನಿಂತಳು. "ಸರ್, ಹೊರಗೆ ಹೋಗಿ ಬರ್ಲಾ?"

ಲೆಕ್ಕ ಮುಗಿಯದೆ ಯಾರೂ ಏಳಬಾರದೆಂಬುದು ಅವನ ತರಗತಿಯ ಕಟ್ಟಳೆ. ಬೇರೆ ಮಕ್ಕಳಿಗಾದರೆ ಒಮ್ಮೊಮ್ಮೆ ಸಡಿಲ ಬಿಡುತ್ತಿದ್ದ. ಮಗಳಿಗೆ ಮಾತ್ರ ಎಂದೂ ಇಲ್ಲ.

"ಕೂತ್ಕೊ."

ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು. ಈ ಸಲ ಬಾಯಿ ಬಿಡಲಿಲ್ಲ. ಅವನು ಸೀಮೆಸುಣ್ಣ ಹಿಡಿದ ಕೈಯಲ್ಲೇ ಕೂರುವಂತೆ ಸನ್ನೆ ಮಾಡಿದ. ಕೂತಳು.

ಊಟದ ಗಂಟೆಗೆ ಎಲ್ಲರೂ ತಟ್ಟೆ ಹಿಡಿದು ಓಡಿದರೂ ಅವಳು ಬೆಂಚು ಬಿಟ್ಟು ಏಳಲಿಲ್ಲ. ಕರೆಯಲು ಬಂದ ಬಿಸಿಯೂಟದ ಮುನಿನಾರಾಯಣಮ್ಮ ಒಂದೇ ನೋಟಕ್ಕೆ ತಿಳಿದುಕೊಂಡಳು. ಹೆಗಲ ಮೇಲಿನ ಟವೆಲ್ಲನ್ನು ಹುಡುಗಿಯ ಸೊಂಟಕ್ಕೆ ಸುತ್ತಿ, ಅಡುಗೆಮನೆಗೆ ಕರೆದೊಯ್ದು ಕದಿರಮ್ಮನಿಗೆ ಫೋನು ಮಾಡಿದಳು. ಮಧ್ಯಾಹ್ನ ಖಾಲಿ ಬೆಂಚು ಕಂಡ ಕಾಂತರಾಜ್, ಹೊರಗೆ ಬಿಡದ ಸಿಟ್ಟಿಗೆ ಎಲ್ಲೋ ಕೂತಿದ್ದಾಳೆ ಎಂದುಕೊಂಡು ಹುಡುಕಲೂ ಹೋಗಲಿಲ್ಲ. ಆಟೋ ಬಂದ ಸದ್ದಿಗೆ ಹೊರಗೆ ಬಂದರೆ ಮುನಿನಾರಾಯಣಮ್ಮ ಅಡ್ಡ ನಿಂತಳು.

"ಮಗಳು ದೊಡ್ಡೋಳಾದ್ಲು ಸರ್. ನೀರಾಕೋವರ್ಗೂ ನೀವು ಮಕ ನೋಡಂಗಿಲ್ಲ."

ಮಗಳಿಗೆ ಹೊದಿಸಿದ್ದ ಮುಸುಕಿನ ಹೊರಗೆ, ಆಟೋದ ಸರಳು ಹಿಡಿದ ಕೈಯೊಂದು ಕಂಡಿತು. ಬೆರಳಿಗೆ ನೀಲಿ ಶಾಯಿ ಮೆತ್ತಿತ್ತು. ಅಕ್ಕನ ಪಕ್ಕ ವೆಂಕಿಯೂ ಹತ್ತಿ ಕೂತಿದ್ದ. ಆಟೋ ಹೊರಟಿತು.

ಶನಿವಾರದ ಹಾಜರಿ ಮುಗಿದಿತ್ತಷ್ಟೇ, ಜಗುಲಿಯಿಂದ ದನಿ ಬಂತು.

"ಏನ್ ಮೇಷ್ಟ್ರೇ, ಒರಗೆ ಬರಾಕೆ ಪರ್ಮಿಷನ್ ಐತಾ, ಇಲ್ಲಾ ಲೆಕ್ಕ ಮುಗೀಬೇಕಾ?"

ಕದಿರಮ್ಮ ಬಸ್ಸಿಳಿದು ಬಂದು ಕಂಬಕ್ಕೊರಗಿ ಕೂತಿದ್ದಳು. ಅಕ್ಕನ ಮಗಳನ್ನೇ ಅವನು ಮದುವೆಯಾಗಿದ್ದರಿಂದ ಅವಳು ಅತ್ತೆಯೂ ಹೌದು. ಆದರೆ ಬೈಯುವಾಗೆಲ್ಲ ಅಕ್ಕನೇ.

"ಮಗು ಎಂಗವ್ಳೆ ಅಕ್ಕಾ?"

"ಚೆಂದಾಗವ್ಳೆ. ಸೋದರಮಾವ ಅಂತ ನಮ್ ನರೇಶ ಅಟ್ಟಿ ಮುಂದೆ ಸೊಪ್ಪಿನ ಗುಡ್ಲು ಆಕವ್ನೆ. ಪಕ್ಕದ ತಮಿಳಮ್ಮ ದಿನಾ ಪುಟ್ಟು ಮಾಡ್ಕೊಂಡು ಬತ್ತಾಳೆ. 'ಸಾಕಜ್ಜೀ, ಒಟ್ಟೆ ಒಡೀತದೆ' ಅಂತ ನಗ್ತಾಳೆ ಕಣ್ಲಾ ನಿನ್ ಮಗ್ಳು. ನಗಾಕೂ ಬತ್ತದೆ ಅದಕ್ಕೆ, ಗೊತ್ತಾ ನಿಂಗೆ?"

ಅವನು ಹಾಜರಿ ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡ. ಆಮೇಲೆ, "ನೀರಾಕಿದ ಮೇಲೆ ನಾನೇ ಬಂದು ಕರ್ಕೊಂಡು ಬತ್ತೀನಿ" ಎಂದ.

ಕದಿರಮ್ಮ ಎಲೆಯಡಿಕೆ ಚೀಲದ ದಾರ ಬಿಚ್ಚಿದಳು, ಮತ್ತೆ ಕಟ್ಟಿದಳು.

"ಬರಲ್ವಂತೆ."

ಒಳಗೆ ಮಕ್ಕಳ ಗದ್ದಲ ಶುರುವಾಗಿತ್ತು. ಅವನಿಗೆ ಕೇಳಿಸಲಿಲ್ಲ.

"ಟೀಸಿ ಕೊಡ್ಸು. ಆಂಡರ್ಸನ್‌ಪೇಟೆ ಸ್ಕೂಲಿಗೆ ಆಕ್ತೀವಿ. ವೆಂಕೀನೂ ಅಲ್ಲೇ ಇರ್ತೀನಿ ಅಂತಾನೆ."

"ಇವರಿಗೋಸ್ಕರ ತಾನೇ ಅಕ್ಕಾ ನಾನು ಸರ್ವೀಸ್ ಬಿಟ್ಟಿದ್ದು?"

"ಬಿಟ್ಟೆ. ಇಲ್ಲ ಅಂದೋರ್ಯಾರು? ಅವ್ವ ಇಲ್ದ ಮಕ್ಳು, ಅಪ್ಪ ಬತ್ತಾನೆ ಅಂತ ಗೇಟಿಗೆ ನೇತಾಕ್ಕೊಂಡು ಕಾಯ್ತಿದ್ವು. ಬಂದೋನು ಮೇಷ್ಟ್ರು."

ಕೇಳಬಾರದೆಂದುಕೊಂಡೇ ಕೇಳಿದ. "ನನ್ ಬಗ್ಗೆ ಏನಾರ ಕೇಳಿದ್ಲಾ?"

"ಕೇಳಿದ್ಲು." ಕದಿರಮ್ಮನ ದನಿಯ ಕೊಂಕು ಇಳಿದುಹೋಯಿತು. "'ಲೆಕ್ಕ ಮುಗಿಸ್ದಂಗೆ ಬಂದ್ಬಿಟ್ಟೆ ಅಜ್ಜೀ, ಸರ್ ಒಡೀತಾರಾ?' ಅಂತ."

ಅವನು ಅವಳಿಗೆ ಒಂದು ದಿನವೂ ಹೊಡೆದವನಲ್ಲ. ಅದನ್ನು ಹೇಳಲು ಬಾಯಿ ತೆರೆದ. ಯಾರಿಗೆ ಹೇಳುವುದು, ಹೇಳಿ ಏನಾಗಬೇಕು ಎನ್ನಿಸಿ ಮುಚ್ಚಿಕೊಂಡ. ಬೆಂಚಿನಿಂದ ಎದ್ದು ನಿಂತ ಮಗಳು, ಸೀಮೆಸುಣ್ಣದ ತನ್ನ ಕೈ, ಮತ್ತೆ ಕೂತ ಮಗಳು.

"ಬೇಜಾರು ಮಾಡ್ಕಬ್ಯಾಡ" ಎನ್ನುತ್ತಿದ್ದಳು ಕದಿರಮ್ಮ. "ನೀರಾಕೋ ದಿನ ಬಾ. ಸೀರೆ ನೀನೇ ತರ್ಬೇಕು, ಅಸ್ರು ಬಣ್ಣದ್ದು. ಶ್ಯಾಮಲಂಗೆ ತಂದಿದ್ಯಲ್ಲ, ಅಂತದ್ದೇ. ಆಮೇಲೆ ಆ ಬೂಟು ಆಕ್ಕೊಂಡು ಬರ್ಬ್ಯಾಡ, ಮಗು ಬೆದರ್ಕೊಂತದೆ..."

ಕಾಂತರಾಜ್ ಜಗುಲಿಯಿಂದ ಇಳಿದ. ಶಶಿರೇಖ ಮೇಡಂ ಕೂರುವ, ಟೀಸಿ ಬರೆಯುವ ಕೋಣೆ ಅಂಗಳದ ಆಚೆ ಬದಿಗಿತ್ತು. ಅತ್ತ ನಡೆದ. ಬೂಟಿನ ಸದ್ದಿಗೆ ಏಳನೇ ತರಗತಿಯ ಗದ್ದಲ ತಟ್ಟನೆ ಅಡಗಿತು.

"ಲೇ ಕಾಂತಾ, ಎಲ್ಲೋಯ್ತೀಯಾ? ಸೀರೆ ವಿಷ್ಯ ಏಳ್ತಾ ಇದೀನಿ, ಕೇಳಿಸ್ಕೊಳ್ಳಾ..."

ಅವನು ತಿರುಗಲಿಲ್ಲ.